ಆ ಒಂದು ಶಾಖೆಯ ಸಂಪರ್ಕ

ರಕ್ತ ಪರೀಕ್ಷೆ ಮಾಡುವ ಪ್ರಯೋಗಾಲಯವೊಂದರ ಕೇಂದ್ರ ಕಚೇರಿಯಲ್ಲಿ ಅವನು ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದ. ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಅಣ್ಣನ ಮನೆಯ ಮೇಲಿನ ಕೋಣೆಯಲ್ಲಿ ವಾಸ. ಕಚೇರಿಯವರು ಅವನಿಗೆ ‘ಮೌನಿ’ ಎಂದು ಹೆಸರಿಟ್ಟಿದ್ದರು. ಆ ಹೆಸರು ಅವನ ಕಿವಿಗೂ ಬಿದ್ದಿತ್ತು. ಅದಕ್ಕೂ ಅವನು ಏನೂ ಹೇಳಿರಲಿಲ್ಲ.

ಪ್ರತಿ ಶಾಖೆಯಲ್ಲೂ ಒಂದು ದೊಡ್ಡ ಕಂಪ್ಯೂಟರ್ ಇತ್ತು. ಅದರ ಹೊಟ್ಟೆಯೊಳಗೆ ಕೈಯಿಂದ ಮುಟ್ಟಲು ಸಿಗದ, ಬರೀ ಸಾಫ್ಟ್‌ವೇರ್‌ನಿಂದಾದ ಒಂದು ವಿಂಡೋಸ್ ಸರ್ವರ್. ಕಂಪನಿಯೊಂದು ಅದನ್ನು ಪೂರ್ತಿ ಸಿದ್ಧಪಡಿಸಿಯೇ ಕೊಟ್ಟಿತ್ತು. ರೋಗಿಗಳ ವರದಿಗಳೆಲ್ಲ ಇರುವುದು ಅದರಲ್ಲೇ. ಇಂಥ ವರ್ಚುವಲ್ ಸರ್ವರ್‌ಗೂ ಡಿಸ್ಕ್ ಬೇಕು, ನೆಟ್‌ವರ್ಕ್ ಕಾರ್ಡ್ ಬೇಕು. ಅವುಗಳನ್ನು ವಿಂಡೋಸ್‌ಗೆ ಪರಿಚಯಿಸುವ ಸಣ್ಣ ಪ್ರೋಗ್ರಾಂಗಳೇ ಡ್ರೈವರ್‌ಗಳು. ಕೆಲವು ತಿಂಗಳಿಗೊಮ್ಮೆ ಹೊಸ ಡ್ರೈವರ್ ಬರುತ್ತದೆ, ಹಳೆಯದನ್ನು ಬದಲಿಸಬೇಕು. ಜನ ಕಡಿಮೆ ಇರುವ ಭಾನುವಾರ ಬೆಳಿಗ್ಗೆ ಆ ಕೆಲಸ. ಮಿಕ್ಕವರಿಗೆ ಹೆಂಡತಿ ಮಕ್ಕಳಿದ್ದರು, ಹಾಗಾಗಿ ಅದು ಅವನ ತಲೆಗೆ ಬಂತು. ಅವನು ಬೇಡವೆನ್ನಲಿಲ್ಲ.

"ಕಚೇರೀಲೇ ಒಂದು ಮಂಚ ಹಾಕಿಸ್ಕೊಂಡ್ಬಿಡಯ್ಯ, ನಮಗೂ ಮೇಲಿನ ಕೋಣೆ ಖಾಲಿ ಆಗುತ್ತೆ" ಎಂದು ಅತ್ತಿಗೆ ನಗುತ್ತಲೇ ಹೇಳಿದ್ದರು. ಅವರ ದೊಡ್ಡ ಮಗನಿಗೆ ಓದಿಕೊಳ್ಳಲು ಜಾಗವಿರಲಿಲ್ಲ. ಆ ನಗುವಿನಲ್ಲಿ ಎಷ್ಟು ತಮಾಷೆ, ಎಷ್ಟು ನಿಜ ಎಂದು ತೂಗಿ ನೋಡಿ ಅವನು ಚಪ್ಪಲಿ ಮೆಟ್ಟಿಕೊಂಡಿದ್ದ.

ಈ ಕೆಲಸದಲ್ಲಿ ಒಂದು ಕೊಕ್ಕೆ ಇತ್ತು. ಹೊಸ ಡ್ರೈವರ್ ಹಾಕಿದ ಕೂಡಲೇ ವಿಂಡೋಸ್ ತನಗೆ ಹೊಸ ನೆಟ್‌ವರ್ಕ್ ಕಾರ್ಡೇ ಬಂದಿದೆ ಎಂದುಕೊಳ್ಳುತ್ತದೆ. ಹಳೆಯ ಕಾರ್ಡು ಕಣ್ಣಿಗೆ ಕಾಣದಂತೆ ಅಡಗಿ ಕೂತು, ನೆಟ್‌ವರ್ಕ್‌ನಲ್ಲಿ ಸರ್ವರ್‌ನ ಗುರುತಾದ ಅಂಕಿಗಳ ವಿಳಾಸವನ್ನು ಬಿಟ್ಟುಕೊಡುವುದಿಲ್ಲ. ಆ ವಿಳಾಸ ಹಿಡಿದು ದೂರದಿಂದ ಒಳಬಂದು ಕೆಲಸ ಮಾಡುತ್ತಿದ್ದವನು ಅಷ್ಟಕ್ಕೇ ಹೊರಬೀಳುತ್ತಾನೆ, ಶಾಖೆಯವರಿಗೂ ವರದಿಗಳು ಸಿಗುವುದಿಲ್ಲ. ಬಲ್ಲವರು ಆ ದಾರಿಯಲ್ಲಿ ಬರುವುದೇ ಇಲ್ಲ. ದೊಡ್ಡ ಕಂಪ್ಯೂಟರ್‌ನ ಮೂಲಕ ಒಳಹೊಕ್ಕು, ಅಡಗಿದ ಕಾರ್ಡನ್ನು ಕಿತ್ತುಹಾಕಿ, ವಿಳಾಸವನ್ನು ಹೊಸದಕ್ಕೆ ಕೊಡುತ್ತಾರೆ. ಇದನ್ನು ಕಚೇರಿಯಲ್ಲಿ ಎಲ್ಲರಿಗೂ ಕಲಿಸಿದವನೇ ಅವನು.

ಆದರೂ ಒಮ್ಮೆ ನದಿಯಾಚೆಯ ಶಾಖೆಯಲ್ಲಿ, ಏನೋ ಯೋಚನೆಯಲ್ಲಿದ್ದು, ತಪ್ಪು ದಾರಿಯಿಂದಲೇ ಹೋಗಿ ಹೊರಬಿದ್ದ. ದೊಡ್ಡ ಕಂಪ್ಯೂಟರ್ ಇದೆಯೆಂಬುದೂ ಗಡಿಬಿಡಿಯಲ್ಲಿ ಹೊಳೆಯದೆ ಶಾಖೆಗೆ ಫೋನ್ ಮಾಡಿದ. ಭಾನುವಾರ ಕೌಂಟರ್‌ನಲ್ಲಿ ಕೂರುವ ಹೆಂಗಸು ಸರ್ವರ್ ಕೋಣೆಗೆ ಹೋಗಿ, ಪರದೆಯ ಮೇಲಿದ್ದುದನ್ನು ಓದಿ ಹೇಳಿ, ಅವನು ಹೇಳಿದ ಅಂಕಿಗಳನ್ನು ಒತ್ತಿದಳು. ಸರ್ವರ್ ಮತ್ತೆ ಏಳುವವರೆಗಿನ ಅರ್ಧ ಗಂಟೆ ಸುಮ್ಮನಿರಲಾರದೆ ಮನೆಯ ಸುದ್ದಿ ಹೇಳಿದಳು. ಅವಳ ಅತ್ತೆ ಜಗಳ ಶುರುಮಾಡುವ ಮುಂಚೆ ಕಿವಿಯ ಯಂತ್ರ ತೆಗೆದು ಡಬ್ಬಿಯಲ್ಲಿಡುತ್ತಾರಂತೆ. ಆಡಬೇಕಾದ್ದೆಲ್ಲ ಆಡಿ ಮುಗಿದ ಮೇಲೆ ಹಾಕಿಕೊಂಡು, "ಈಗೇನಂದೆ?" ಎನ್ನುತ್ತಾರಂತೆ. ಅವನು ಜೋರಾಗಿ ನಕ್ಕುಬಿಟ್ಟ. ಖಾಲಿ ಕಚೇರಿಯಲ್ಲಿ ಆ ಸದ್ದು ಕೇಳಿ ತಾನೇ ಬೆಚ್ಚಿದ.

ಮುಂದಿನ ಸಲವೂ ಅವನು ಅದೇ ದಾರಿ ಹಿಡಿದ. ಇದನ್ನು ತಪ್ಪೆನ್ನಲು ಬರುವುದಿಲ್ಲ, ಬೇಕೆಂದೇ ಮಾಡಿದ್ದು. ಬೇರೆ ಶಾಖೆಗಳನ್ನೆಲ್ಲ ಸರಿಯಾಗಿ ಮುಗಿಸಿ, ಇದೊಂದನ್ನು ಕೊನೆಗಿಟ್ಟುಕೊಂಡ. ಇಷ್ಟು ತಿಂಗಳಲ್ಲಿ ಮನೆಯ ಹೊರಗೆ ಅವನೊಡನೆ ಕೆಲಸ ಬಿಟ್ಟು ಬೇರೆ ಮಾತಾಡಿದವಳು ಅವಳೊಬ್ಬಳೇ. ಆ ಅರ್ಧ ಗಂಟೆ ಕೈತಪ್ಪಿದರೆ ಏನೂ ಉಳಿಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಮೂರನೆಯ ಸಲ ಅವಳು ಹಲೋ ಎನ್ನುವ ಬದಲು "ಹೋಯ್ತಾ ಸರ್?" ಎಂದಳು. ಕೋಣೆಗೆ ಹೋಗಿ, ಅವನು ಹೇಳುವ ಮುಂಚೆಯೇ ಅಂಕಿಗಳನ್ನು ಒತ್ತಿದಳು. ಅವನು ಅತ್ತೆಯ ಸಮಾಚಾರ ಕೇಳಿದ. ಚೆನ್ನಾಗಿದ್ದಾರೆ ಎಂದಷ್ಟೇ ಹೇಳಿ ಅವಳು ದನಿ ತಗ್ಗಿಸಿದಳು.

"ಮಗುವಿನ ವರದಿಗೆ ಒಬ್ಬರು ಆಗಿಂದ ನಿಂತೇ ಇದಾರೆ ಸರ್. ಆಸ್ಪತ್ರೇಲಿ ಡಾಕ್ಟರ್ ಕಾಯ್ತಿದಾರಂತೆ. ಕೂತ್ಕೊಳ್ಳಿ ಅಂದ್ರೂ ಕೂರಲ್ಲ."

"ಇನ್ನೇನು ಬಂತು."

"ಬೇರೆ ಶಾಖೆಯವರನ್ನ ಕೇಳ್ದೆ. ಅವರಲ್ಲಿ ಯಾವತ್ತೂ ಹೀಗೆ ಹೋಗಿಲ್ವಂತೆ. ನಮ್ಮಲ್ಲೇ ಯಾಕೆ ಸರ್, ಪ್ರತಿ ಸಲ?"

ಮಾತು ಕಲಿತವನಾಗಿದ್ದರೆ ಅವನಿಗೆ ಹಾರಿಕೆಯ ಉತ್ತರವೊಂದು ಸಿಗುತ್ತಿತ್ತು.

"ನನ್ನಿಂದಾನೇ" ಎಂದ. "ಬೇರೆ ದಾರಿ ಇದೆ. ಇನ್ಮೇಲೆ ಸರ್ವರ್ ಹೋಗಲ್ಲ."

ಸರ್ವರ್ ಎದ್ದಿತು. ವರದಿ ತೆಗೆಯಬೇಕು ಎಂದು ಅವಳು ಫೋನ್ ಇಟ್ಟಳು.

ನಾಲ್ಕನೆಯ ಸಲ ಅವನು ಆ ಶಾಖೆಯನ್ನೇ ಮೊದಲು ಮುಗಿಸಿದ. ಎಲ್ಲ ಸರಿಯಾಗಿ ನಡೆಯಿತು. ಡ್ರೈವರ್ ಬದಲಾದದ್ದು ಅಲ್ಲಿ ಯಾರಿಗೂ ತಿಳಿಯಲೇ ಇಲ್ಲ. ತನ್ನ ಕೆಲಸ ಚೆನ್ನಾಗಿ ಆದಷ್ಟೂ ತಾನಿರುವುದು ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಅವನಿಗೆ ಹೊಸ ವಿಷಯವೇನಲ್ಲ. ಆದರೂ ಮಿಕ್ಕ ಶಾಖೆಗಳನ್ನು ಮುಗಿಸಿ, ಕುರ್ಚಿಯಲ್ಲಿ ಒರಗಿ ಕೂತವನಿಗೆ ತಡೆಯಲಾಗಲಿಲ್ಲ. ಫೋನ್ ಮಾಡಿದ.

"ಹೋಯ್ತಾ ಸರ್? ಇಲ್ಲಿ ಎಲ್ಲ ನಡೀತಿದೆಯಲ್ಲ."

"ಹೋಗಿಲ್ಲ. ಆಗಲೇ ಮುಗೀತು."

"ಮತ್ತೆ ಫೋನ್ ಯಾಕೆ?"

"ಸುಮ್ನೆ."

ಹಿಂದೆ ಯಾರೋ ಚೀಟಿ ಸಂಖ್ಯೆ ಕೂಗುತ್ತಿದ್ದರು. ಅವಳು ಅವರಿಗೆ ಉತ್ತರ ಕೊಟ್ಟು ಮತ್ತೆ ಫೋನಿಗೆ ಬಂದಳು.

"ಸುಮ್ನೆ ಮಾಡೋದಾದ್ರೆ ಕೌಂಟರ್ ಮುಚ್ಚಿದ ಮೇಲೆ ಮಾಡಿ ಸರ್. ಈಗ ಜನ ಇದಾರೆ."

ಬಯ್ದಳೋ, ಬಾ ಎಂದಳೋ ಅವನಿಗೆ ತಿಳಿಯಲಿಲ್ಲ. ಮಧ್ಯಾಹ್ನ ಕೌಂಟರ್ ಮುಚ್ಚುವ ಹೊತ್ತಿನವರೆಗೆ ಕಾದ. ಆಮೇಲೆ ಫೋನ್ ಕೈಗೆತ್ತಿಕೊಂಡು ಕೂತ. ಸರ್ವರ್ ಸರಿಯಿದೆ, ಅದನ್ನು ಹೇಳಿಯಾಗಿದೆ. ಅವಳ ಅತ್ತೆಯ ಸುದ್ದಿ ಎಷ್ಟು ಸಲ ಕೇಳುವುದು? ತನ್ನದೊಂದು ಸುದ್ದಿಗಾಗಿ ಆ ವಾರವನ್ನೆಲ್ಲ ತಡಕಾಡಿದ, ಅದಕ್ಕೂ ಹಿಂದಿನ ವಾರಕ್ಕೆ ಹೋದ. ಹೇಳುವಂಥದ್ದು ಒಂದೂ ಸಿಗಲಿಲ್ಲ.

ಅವಳು ಮನೆಗೆ ಹೊರಟಿರಬೇಕು ಎನ್ನಿಸುವಷ್ಟು ಹೊತ್ತು ಹಾಗೇ ಕೂತಿದ್ದು, ಫೋನನ್ನು ಜೇಬಿಗಿಳಿಸಿ, ದೀಪ ಆರಿಸಿದ.