ಸಫಾಳಿಗೆ ಒಂದು ತಿದ್ದುಪಡಿ

ಸಫಾ, ಐದು ವರ್ಷದ ಹಿಂದೆ ನಾನು ನಿನಗೆ ಸುಳ್ಳು ಹೇಳಿದೆ. ತಪ್ಪು ಮಾಹಿತಿಯಲ್ಲ, ಮರೆವೂ ಅಲ್ಲ — ಗೊತ್ತಿದ್ದೂ ಹೇಳಿದ ಸುಳ್ಳು.

ದೋಹಾದ ಬಿನ್ ಮಹಮೂದ್ ಬಡಾವಣೆಯ ನಿಮ್ಮ ಮನೆಯಲ್ಲಿ ಶುಕ್ರವಾರದ ಊಟ ಮುಗಿದಿತ್ತು. ನೀನು ಸೈಬರ್ ಸೆಕ್ಯುರಿಟಿ ಓದಿನ ಕೊನೆಯ ವರ್ಷದಲ್ಲಿದ್ದೆ. ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ನಿನ್ನಪ್ಪ ಹಮೀದನ ಗ್ಯಾರೇಜಿನ ಡ್ರೈವರಿಗೆ ಬ್ಯಾಂಕಿನವರೆಂದು ಯಾರೋ ಫೋನ್ ಮಾಡಿ, ಲಿಂಕ್ ಕಳಿಸಿ, ಓಟಿಪಿ ಕೇಳಿ, ಸಂಬಳ ದೋಚಿದ್ದರು. ಅವನಿಗೆ ಬಂದ ಲಿಂಕಿನ ಜಾಡು ಹಿಡಿದು ನೀನು ಭಾರತದವರೆಗೂ ಹೋಗಿದ್ದೆ. ಅಲ್ಲಿಗೆ ದಾರಿ ನಿಂತಿತು. ನಿನ್ನ ಕುತೂಹಲ ನಿಲ್ಲಲಿಲ್ಲ.

“ಅಂಕಲ್, ಇಲ್ಲಿಂದ ಮುಂದೆ ಯಾರು ಹೋಗ್ತಾರೆ? ಆ ಕಳ್ಳನ ಮನೆ ಬಾಗಿಲು ಯಾರು ತಟ್ಟೋದು?”

ಕೇಂದ್ರದ ತನಿಖಾ ಸಂಸ್ಥೆಗಳು, ಎಂದೆ. ನಮ್ಮ ಪತ್ರಿಕೆಯ ವಿದ್ಯಾರ್ಥಿ ಪುರವಣಿಗಾಗಿ ಅದೇ ವಿಷಯ ಕೆದಕುತ್ತಿದ್ದೆ, ಹಾಗಾಗಿ ಉತ್ಸಾಹದಿಂದಲೇ ವಿವರಿಸಿದೆ — ವಶಪಡಿಸಿಕೊಂಡ ಫೋನನ್ನು ಸಿಗ್ನಲ್ ತಲುಪದ ಚೀಲದಲ್ಲಿಡುವುದು, ಮೂಲವನ್ನು ಕೆಡಿಸದೆ ಪ್ರತಿ ಮಾಡಿಕೊಂಡು ಹುಡುಕುವುದು, ಕೊನೆಗೆ ಕೋರ್ಟಿನಲ್ಲಿ ನಿಂತು ಕಂಪ್ಯೂಟರ್ ತಿಳಿಯದವರಿಗೂ ಅರ್ಥವಾಗುವಂತೆ ಹೇಳುವುದು. ಸುಲೈಮಾನಿ ಚಹಾ ಆರುತ್ತಿದ್ದರೂ ನೀನು ಲೋಟ ಎತ್ತಲಿಲ್ಲ.

“ನನ್ನನ್ನ ತಗೊಳ್ತಾರಾ? ನಾನು ದೋಹಾದಲ್ಲೇ ಬೆಳೆದವಳಲ್ವಾ?”

ಉತ್ತರ ನನಗೆ ಗೊತ್ತಿತ್ತು. ಭಾರತದ ಪೌರತ್ವವಿದ್ದರೆ ಅರ್ಜಿ ಹಾಕಬಹುದು. ಹಿನ್ನೆಲೆ ಪರಿಶೀಲನೆ ತಡವಾದೀತು, ಅಷ್ಟೆ. ಆದರೆ ಊಟಕ್ಕೆ ಮೊದಲು, ಕೆಳಗೆ ಕಾರು ನಿಲ್ಲಿಸುವಾಗ ಹಮೀದ್ ನನ್ನನ್ನು ತಡೆದಿದ್ದ. ಬ್ರಹ್ಮಚಾರಿ ದಿನಗಳಲ್ಲಿ ಒಂದೇ ರೂಮಿನಲ್ಲಿದ್ದವರು ನಾವು.

“ಅವಳು ನಿನ್ನತ್ರ ಕೇಳ್ತಾಳೆ ಮಾರಾಯ. ಆಗುದಿಲ್ಲ ಅಂತ ಹೇಳಿಬಿಡು. ನಾನು ಹೇಳಿದ್ರೆ ಜಗಳ, ನೀನು ಹೇಳಿದ್ರೆ ನ್ಯೂಸ್. ಊರಲ್ಲಿ ಪೊಲೀಸರು ಮನೆ ಮನೆಗೆ ಹೋಗಿ ನನ್ನ ಮಗಳ ಬಗ್ಗೆ ವಿಚಾರಿಸಿದ್ರೆ, ನಾಳೆ ಯಾರು ಸಂಬಂಧ ತರ್ತಾರೆ?”

ನಾನು ನಕ್ಕಿದ್ದೆ. ಒಪ್ಪಿದೆನೆಂದು ನನಗೂ ಆಗ ಅನಿಸಿರಲಿಲ್ಲ. ಆದರೂ ನೀನು ಕೇಳಿದಾಗ —

“ಇಲ್ಲಮ್ಮ, ಹೊರಗೆ ಬೆಳೆದವರನ್ನ ತಗೊಳ್ಳೋದಿಲ್ಲ.”

“ಓ... ಹೌದಾ,” ಎಂದೆ ನೀನು. ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಒಂದು ಹೆಸರಿನ ಅಕ್ಷರ ಸರಿಯೇ ಎಂದು ಎರಡು ಸಲ ಫೋನ್ ಮಾಡುವ ಮನುಷ್ಯ ನಾನು. ಆ ಮಾತು ಅಷ್ಟು ಸಲೀಸಾಗಿ ಹೇಗೆ ಬಂತು? ಇವತ್ತಿಗೂ ನನಗದು ಕುತೂಹಲ. ಇನ್ನೂ ಹೆಚ್ಚಿನದು — ನೀನೇಕೆ ಹುಡುಕಿ ನೋಡಲಿಲ್ಲ? ಯಾವುದನ್ನೂ ನಂಬಬೇಡ, ಪರೀಕ್ಷಿಸು ಎಂಬುದೇ ನಿಮ್ಮ ಮೊದಲ ಪಾಠ ಎಂದು ಅದೇ ಮಧ್ಯಾಹ್ನ ಹೇಳಿದ್ದವಳು ನೀನು. ಬಹುಶಃ ನನ್ನನ್ನು ಕೇಳಿದ್ದೇ ನಿನಗೆ ಪರೀಕ್ಷಿಸಿದಂತೆ ಆಗಿರಬೇಕು.

ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ಪುರವಣಿಯ ಲೇಖನದಲ್ಲಿ ಇಲ್ಲಿನ ಭಾರತೀಯ ವಿದ್ಯಾರ್ಥಿಗಳು ಅರ್ಜಿ ಹಾಕುವ ಬಗ್ಗೆ ಒಂದು ಪ್ಯಾರಾ ಇತ್ತು. ನೀನು ಓದಿಬಿಟ್ಟರೆ? ಅದನ್ನು ಕಿತ್ತುಹಾಕಿದೆ. ಜಾಗ ಸಾಲಲಿಲ್ಲ ಎಂದು ಸಂಪಾದಕರಿಗೆ ಹೇಳಿದೆ. ನಿನ್ನಂತೆ ಕೇಳಲು ಯಾವ ಅಂಕಲ್ಲೂ ಇಲ್ಲದ ಮಕ್ಕಳಿಗೂ ಅದು ಸಿಗಲಿಲ್ಲ. ಅದೇ ಪುಟದಲ್ಲಿ ಫೋಟೋದಡಿಯ ಹೆಸರು ತಪ್ಪಾಗಿತ್ತು. ಮರುದಿನವೇ ತಿದ್ದುಪಡಿ ಹಾಕಿ ವಿಷಾದಿಸಿದೆವು. ಬರೆದವನು ನಾನೇ.

ಕಳೆದ ತಿಂಗಳು ಮುಶೈರಿಬ್‌ನ ಟ್ರಾಮಿನಲ್ಲಿ ಸಿಕ್ಕಾಗ, ನೆಟ್‌ವರ್ಕ್ ಕಾಯುವ ನಿನ್ನ ಕೆಲಸ ಹೇಗಿದೆ ಎಂದು ಕೇಳಿದೆ.

“ಕಳ್ಳ ಬಂದ ಅಂತ ಕೂಗೋದಷ್ಟೇ ನಮ್ಮ ಡ್ಯೂಟಿ ಅಂಕಲ್. ಹಿಂದೆ ಓಡೋದು ಬೇರೆಯವರು.”

ನೀನು ನಕ್ಕೆ. ನಾನು ಕಿಟಕಿಯ ಹೊರಗೆ ನೋಡಿದೆ.

ಎಲ್ಲ ಹೇಳಿಬಿಡುತ್ತೇನೆಂದು ನಿನ್ನೆ ಹಮೀದನಿಗೆ ತಿಳಿಸಿದೆ. “ಖಲಾಸ್ ಆದದ್ದನ್ನ ಯಾಕೆ ಕೆದಕ್ತೀ? ಅವಳು ಮತ್ತೆ ನನ್ನ ಮುಖ ನೋಡ್ಲಿಕ್ಕಿಲ್ಲ,” ಎಂದ. ನನ್ನ ಮುಖವನ್ನೂ ನೀನು ನೋಡದಿರಬಹುದು. ಅವನು ಕೇಳಿದ್ದು ಭಯದಿಂದ. ನಾನು ಹೇಳಿದ್ದು — ನನಗೆ ಯಾವ ಭಯವೂ ಇರಲಿಲ್ಲ.

ತಿದ್ದುಪಡಿ ಹೀಗಿದೆ: ಹೊರದೇಶದಲ್ಲಿ ಬೆಳೆದ ಭಾರತೀಯರೂ ಅರ್ಜಿ ಹಾಕಬಹುದು. ಹುದ್ದೆಯಿಂದ ಹುದ್ದೆಗೆ ವಯೋಮಿತಿ ಬೇರೆ. ಕೆಲವು ನಿನಗಿನ್ನೂ ತೆರೆದಿರಬಹುದು. ಕೆಲವು ನಾನು ಸುಮ್ಮನಿದ್ದ ವರ್ಷಗಳಲ್ಲೇ ಮುಚ್ಚಿರಬಹುದು. ಯಾವುದು ಎಂದು ನಾನು ಹೇಳುವುದಿಲ್ಲ. ನಾನು ಹೇಳಿದೆನೆಂದು ಇದನ್ನೂ ನಂಬಬೇಡ, ಸಫಾ. ನೇಮಕಾತಿ ಪ್ರಕಟಣೆಯನ್ನು ನೀನೇ ತೆರೆದು ಓದು.