ದೋಣಿಯ ಎಂಜಿನ್ನು, ಪಂಚಮಿಯ ಉಂಡಿ

ಗಲಗಲಿಯಲ್ಲಿ ನಮ್ಮಣ್ಣನ ದೋಣಿ ಈಗ ಛಲೋ ಓಡುತ್ತಿದೆ. ಹೊಳೆಯಾಚೆ ಹೊಲ ಇದ್ದವರೆಲ್ಲ ಅದರಲ್ಲೇ ಹೋಗಿಬರುತ್ತಾರೆ. ನಾನು ಮಾತ್ರ ಎಂಜಿನ್ನಿನ ಹತ್ತಿರ ಕೂಡುವುದಿಲ್ಲ. ಅದರ ಸದ್ದು ಕೇಳಿದರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನಿಸುತ್ತದೆ.

ದೋಣಿ ಅಪ್ಪನ ಕಾಲದ್ದು. ಹೋದ ಮಳೆಗಾಲ ಹೊಳೆ ಏರುತ್ತಿದ್ದಾಗಲೇ ಎಂಜಿನ್ನಿನ ಬ್ಲಾಕ್ ಸೀಳಿತು. ಆ ಸೆಳವಿನಲ್ಲಿ ಹುಟ್ಟು ಹಾಕಿ ದಾಟಿಸುವ ಮಾತೇ ಇರಲಿಲ್ಲ. ಆಚೆ ದಡದಲ್ಲಿ ಎಮ್ಮೆ ಕಟ್ಟಿದವರು ದಿನಾ ಬಂದು ಅಣ್ಣನ ಜೀವ ತಿನ್ನತೊಡಗಿದರು. ಜಮಖಂಡಿಯ ಮೇಸ್ತ್ರಿ ನೋಡಿ, "ಇದರ ಸಾಮಾನು ಈಗ ಬರಂಗಿಲ್ರೀ, ಬ್ಯಾರೆ ಎಂಜಿನ್ ಹುಡುಕ್ರಿ" ಎಂದ. ಮುಧೋಳ, ಬನಹಟ್ಟಿಯ ಗುಜರಿ ಅಂಗಡಿಗಳನ್ನೆಲ್ಲ ತಿರುಗಿದೆವು. ಸಿಕ್ಕವು ಒಂದೋ ದೋಣಿಗೆ ದೊಡ್ಡವು, ಇಲ್ಲವೇ ತುಕ್ಕು ತಿಂದವು. ಕಡೆಗೆ ಅಣ್ಣನ ಹೆಂಡತಿ, ನಮ್ಮ ವೈನಿಗೆ ನೆನಪಾಯಿತು. ತೇರದಾಳದ ಕಡೆ ಕೊಟ್ಟಿರುವ ನಮ್ಮ ಸೋದರತ್ತೆಯ ಬಾವಿಯ ಮೇಲೆ ಅಂಥದೇ ಡೀಸೆಲ್ ಎಂಜಿನ್ ಇತ್ತು. ಕರೆಂಟ್ ಮೋಟಾರ್ ಬಂದ ಮೇಲೆ ಅದು ಸುಮ್ಮನೆ ಕೂತಿತ್ತು.

ನಾನೇ ಒಂದು ಟಂಟಂ ಗಾಡಿ ಬಾಡಿಗೆಗೆ ಮಾಡಿಕೊಂಡು ಹೊರಟೆ. ಬರಿಗೈಲಿ ಹೋಗಬಾರದೆಂದು ವೈನಿ ಒಂದು ಡಬ್ಬಿ ಶೇಂಗಾ ಉಂಡಿ, ರವಿಕೆಗೆಂದು ಒಂದು ಕುಬಸದ ಕಣ ಕೊಟ್ಟಿದ್ದರು. ನಾಗರಪಂಚಮಿಗೆ ಇನ್ನೆರಡು ದಿನ ಇತ್ತು. ನಮ್ಮ ಕಡೆ ಆ ಹೊತ್ತಿನಲ್ಲಿ ತವರಿನವರು ಉಂಡಿ, ಕುಬಸ ಹಿಡಿದು ಗಾಡಿ ತಂದರೆ ಅದಕ್ಕೆ ಅರ್ಥ ಒಂದೇ. ಅದು ನನ್ನ ತಲೆಗೆ ಹೊಳೆಯಬಾರದೇ? ತಲೆಯ ತುಂಬ ಎಂಜಿನ್ನೇ ತುಂಬಿತ್ತು.

ಅತ್ತೆ ಡಬ್ಬಿ ನೋಡಿದಳು, ಗಾಡಿ ನೋಡಿದಳು. ನನಗೆ ಚಹಾ ಕೊಟ್ಟು, ಬಾಗಿಲಲ್ಲಿ ನಿಂತು ಬಾಜೂ ಮನೆಯವಳಿಗೆ ಕೂಗಿ ಹೇಳಿದಳು: "ನಮ್ಮ ತವರಮನ್ಯಾರು ಪಂಚಮಿಗೆ ಕರಿಯಾಕ ಬಂದಾರವಾ." ಅಪ್ಪ ಹೋದ ಮೇಲೆ ಅವಳನ್ನು ನಾವು ಯಾರೂ ಕರೆದಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಹೋಗಿ ಹೊಸ ಇಳಕಲ್ ಸೀರೆ ಉಟ್ಟು ಕೈಚೀಲ ಹಿಡಿದು ಬಂದುಬಿಟ್ಟಳು.

ಆಗಲೂ ಸುಳ್ಳು ಹೇಳಬಹುದಿತ್ತು. ಕರೆಯಲಿಕ್ಕೇ ಬಂದೆ ಅಂದು, ಎಂಜಿನ್ನಿನ ಮಾತು ಆಮೇಲೆ ತೆಗೆಯಬಹುದಿತ್ತು. ಆದರೆ ನನ್ನ ದರಿದ್ರ ಬಾಯಿ ಸುಮ್ಮನಿರಲಿಲ್ಲ.

"ಅತ್ತಿ, ನಾ ಬಾವಿ ಮ್ಯಾಲಿನ ಎಂಜಿನ್ ಕೇಳಾಕ ಬಂದೀನಿ. ಅಣ್ಣನ ದೋಣಿ ನಿಂತೈತಿ."

ಅವಳು ಚೀಲವನ್ನು ಮೆಲ್ಲಗೆ ಕೆಳಗಿಟ್ಟಳು.

"ಒಯ್ಯಿ. ನಿಮ್ಮ ಮಾಮಾ ಇದ್ದಿದ್ರೂ ಇಲ್ಲ ಅಂತಿದ್ದಿಲ್ಲ."

"ನೀನೂ ಬಾ ಅತ್ತಿ. ಗಾಡ್ಯಾಗ ಜಾಗಾ ಐತಿ."

"ಎಂಜಿನ್ ಕರಿಯಾಕ ಬಂದ ಗಾಡ್ಯಾಗ ನಾ ಹೆಂಗ ಬರ್ಲಿ ಯಪ್ಪಾ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಬದುಕಿದೆ ಅನಿಸುತ್ತಿತ್ತು. ಎಷ್ಟು ಗೋಗರೆದರೂ ಒಪ್ಪಲಿಲ್ಲ.

ಅವಳ ಮಗನೂ ಡ್ರೈವರನೂ ನಾನೂ ಕೂಡಿ ಎಂಜಿನ್ ಎತ್ತಿ ಹಾಕಿದೆವು. ಅತ್ತೆ ಒಳಗಿಂದ ಬೀರಪ್ಪದೇವರ ಭಂಡಾರದ ಅರಿಶಿನ ತಂದು ಅದಕ್ಕೆ ಹಚ್ಚಿದಳು. ಅಷ್ಟರಲ್ಲಿ ಬಾಜೂ ಮನೆಯವಳು ಕಟ್ಟೆಗೆ ಬಂದಳು.

"ಯಾಕವಾ, ಇನ್ನೂ ಹತ್ತಿಲ್ಲ? ತವರಿಗೆ ಹೋಗೂದಿಲ್ಲೇನು?"

ಅತ್ತೆ ಸೆರಗು ಸರಿಮಾಡಿಕೊಂಡಳು. "ಭಾಳ ಕರದ್ರವಾ. ಮಣಕಾಲ ಬ್ಯಾನಿ, ನಾನಽ ಒಲ್ಲೆ ಅಂದೆ." ಆಮೇಲೆ ನನ್ನ ಕಡೆ ತಿರುಗಿ, "ಹೌದಿಲ್ಲೋ ಯಪ್ಪಾ?" ಎಂದು ಕೇಳಿದಳು.

"ಹೌದು" ಎಂದೆ.