ಎಡಗಡೆ ಕುಂತ ಭಾರ

ಇದು ನಡೆದದ್ದು. ಅವರಿವರು ಹೇಳಿದ್ದನ್ನು ಕೇಳಿಕೊಂಡು ಬಂದು ಹೇಳುತ್ತಿಲ್ಲ, ಆ ಕಾರಿನ ಕೆಳಗೆ ಬೆನ್ನು ಹಚ್ಚಿ ಮಲಗಿದ್ದವನು ನಾನೇ. ನಗುವವರು ನಗಲಿ. ನನಗೆ ಅವರ ಮೇಲೆ ಸಿಟ್ಟು ಬರುತ್ತದೆ, ಅಷ್ಟೇ. ಸಿಟ್ಟು ನನಗೆ ಹುಟ್ಟಿನಿಂದ ಬಂದದ್ದು, ಅದನ್ನು ಮುಚ್ಚಿಟ್ಟು ಏನು ಮಾಡಲಿ?

ಆಗ ನಮ್ಮ ಸೀಮೆ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ವಾಡಿ ಸ್ಟೇಷನ್ನಿನ ಹಿಂದೆ ತಗಡಿನ ಚಪ್ಪರ ಹಾಕಿಕೊಂಡು ನಾನು ಮೋಟಾರು ರಿಪೇರಿ ಮಾಡುತ್ತಿದ್ದೆ. ಇತ್ತ ಶಹಾಬಾದ್, ಅತ್ತ ಚಿತ್ತಾಪುರ, ಸೇಡಂ... ಅಲ್ಲೆಲ್ಲ ಇದ್ದ ಕಾರುಗಳೇ ಬೆರಳೆಣಿಕೆಯಷ್ಟು. ಅವುಗಳಲ್ಲಿ ಯಾವುದು ಕೆಮ್ಮಿದರೂ ನನ್ನ ಹತ್ತಿರವೇ ಬರಬೇಕಿತ್ತು.

ಆ ಬೇಸಿಗೆಯಲ್ಲಿ ಶಹಾಬಾದಿನ ಕಲ್ಲುಗಣಿ ಸಾಹುಕಾರರೊಬ್ಬರ ಕಾರು ಬಂತು. ತಂದ ಡ್ರೈವರು ಎಂಜಿನ್ ಆರಿಸಿದವನೇ ಇಳಿದು ದೂರ ನಿಂತ.

"ಹಿಂದ ಎಡಗಡಿ ಆವಾಜ್ ಬರ್ತದ. ಸಾವಕಾರ್ರು ಇದರಾಗ ಕುಂದ್ರಂಗಿಲ್ಲ ಅಂತ ಕುಂತಾರ. ನೋಡ್ರಿ ಏನದ."

ನೀರು ಕುಡಿ ಅಂದೆ. ಕುಡಿಯಲಿಲ್ಲ. ಕೀಲಿ ನನ್ನ ಕೈಗೆ ಹಾಕಿ ಸ್ಟೇಷನ್ನಿನ ಕಡೆ ಹೋಗಿಬಿಟ್ಟ.

ಕಾರಿನ ಹಿಂದಿನ ಅಚ್ಚಿಗೆ ಎರಡೂ ಬದಿ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಕಮಾನಿನ ಹಾಗೆ ಬಾಗಿಸಿ ಕಟ್ಟಿರುತ್ತಾರೆ. ನಾವು ಅದಕ್ಕೆ ಪಾಟಾ ಅನ್ನುತ್ತೇವೆ. ಹಿಂದಿನ ಭಾರವೆಲ್ಲ ಅದರ ಮೇಲೆ. ಅಲ್ಲಿ ಸದ್ದು ಬಂತೆಂದರೆ ಒಂದೋ ಪಟ್ಟಿ ಸೀಳಿರಬೇಕು, ಇಲ್ಲ ನಡುವಿನ ಗ್ರೀಸು ಒಣಗಿರಬೇಕು, ಇಲ್ಲ ತುದಿಯ ಬುಷ್ ಸವೆದಿರಬೇಕು, ಅದೂ ಅಲ್ಲದಿದ್ದರೆ ಬೋಲ್ಟು ಸಡಿಲಾಗಿರಬೇಕು. ಬೇರೆ ಕಾರಣ ನನ್ನ ವಿದ್ಯೆಯಲ್ಲಿ ಇರಲಿಲ್ಲ.

ಪಾಟಾ ನೋಡಲು ನನ್ನದೊಂದು ರೂಢಿಯಿತ್ತು. ಟೈರಿಗೂ ಮೇಲಿನ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸುವುದು. ಗಾಡಿ ಖಾಲಿಯಿದ್ದರೆ ನಾಲ್ಕು ಬೆರಳು ಆರಾಮಾಗಿ ಹೋಗಬೇಕು. ಹಿಂದೆ ಒಬ್ಬರು ಕೂತರೆ ಆ ಬದಿಗೆ ಮೂರು.

ಖಾಲಿ ಕಾರಿನ ಬಲಕ್ಕೆ ನಾಲ್ಕು ಹೋದವು. ಎಡಕ್ಕೆ ಮೂರೇ.

ಹಿಂದಿನ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ, ಚಾಪೆಯಡಿ ಒಂದು ಫರ್ಸಿಕಲ್ಲು ಇತ್ತು, ಶಹಾಬಾದಿನ ಚಪ್ಪಡಿ. ನಮ್ಮ ಕಡೆ ಅದೇನು ದೊಡ್ಡ ಮಾತಲ್ಲ. ಹಿಂಭಾಗ ಹಗುರಾಗಿ ಎತ್ತಿಹಾಕಿದರೆ, ಸದ್ದು ಮಾಡಿದರೆ, ಡ್ರೈವರುಗಳು ಒಂದು ಫರ್ಸಿ ಹೇರಿ ಬಾಯಿ ಮುಚ್ಚಿಸುತ್ತಿದ್ದರು. ಮನೆಯ ನೆಲ ಫರ್ಸಿ, ಮಾಳಿಗೆ ಫರ್ಸಿ, ಬಟ್ಟೆ ಒಗೆಯುವುದು ಫರ್ಸಿಯ ಮೇಲೆ. ಕೈಗೆ ಸಿಕ್ಕ ಕಲ್ಲನ್ನು ಎಲ್ಲಿಂದ ಬಂತು ಅಂತ ಯಾರು ಕೇಳುತ್ತಾರೆ? ನಾನೂ ಕೇಳಲಿಲ್ಲ. ಅದನ್ನು ಇಳಿಸಿ ಗೋಡೆಗೆ ಆನಿಸಿದೆ. ಅಂಗೈಗೆ ಏನೋ ವಾಸನೆ ಹತ್ತಿತು... ವಿಭೂತಿಯದು. ಚಡ್ಡಿಗೆ ಒರೆಸಿಕೊಂಡು ಮತ್ತೆ ಬೆರಳು ಹಾಕಿದೆ.

ಮೂರೇ.

ಹಟ ಬಂತು. ಎರಡೂ ಪಾಟಾ ಬಿಚ್ಚಿ, ಪಟ್ಟಿ ಪಟ್ಟಿ ತೊಳೆದು, ಗ್ರೀಸು ಹಚ್ಚಿ, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಕಟ್ಟಿದೆ. ಪಾಟಾ ಸೋತಿದ್ದರೆ ಈಗ ಬಲಗಡೆ ತಗ್ಗಬೇಕು, ಸದ್ದೂ ಬಲಕ್ಕೆ ಹೋಗಬೇಕು. ಓಡಿಸಿ ನೋಡಿದೆ. ತಗ್ಗಿದ್ದು ಎಡಗಡೆ. ಸದ್ದು ಎಡಗಡೆ. ಕಿರ್ರ್... ಟಕ್. ಯಾರೋ ಹಳೆಯ ಮಂಚದಲ್ಲಿ ಮಗ್ಗಲು ಬದಲಿಸಿದ ಹಾಗೆ.

ಪರರ ಸಾಮಾನು ನಮಗ್ಯಾಕೆ ಅಂತ ಕಲ್ಲನ್ನು ತಿರುಗಿ ಅದರ ಜಾಗದಲ್ಲೇ ಇಟ್ಟೆ. ಬೋಲ್ಟು ತಿರುಗಿಸುವ ಪಾನ ಎತ್ತಿ ಒಗೆದು, ಬೀಡಿ ಹಚ್ಚಿ ಕೂತೆ. ಹೊತ್ತು ಮುಳುಗುತ್ತಿತ್ತು. ಆಗ ಚಿತ್ತಾಪುರದ ಕಡೆಯ ರೈಲು ಇಳಿದು ಮಾವ ಬಂದ.

ಮಾವ ಅಂದರೆ ನನ್ನ ಅಕ್ಕನ ಗಂಡ. ಕಾಳಗಿಯ ಈಚೆಗೆ ಅವನ ಹಳ್ಳಿ, ಹೊಲಮನೆ ಚೆನ್ನಾಗಿತ್ತು. ನನಗೂ ಅವನಿಗೂ ಆಗಿಬರುತ್ತಿರಲಿಲ್ಲ. ಆ ವರ್ಷ ಅಕ್ಕ ಚೊಚ್ಚಲ ಬಸುರಿ, ಹೆರಿಗೆ ತವರಲ್ಲಿ ಆಗಬೇಕಿತ್ತು. ನಮ್ಮ ಅಪ್ಪ ಅವ್ವ ತೀರಿಹೋಗಿದ್ದರು, ತವರು ಅಂತ ಉಳಿದದ್ದು ವಾಡಿಯಲ್ಲಿ, ಚಪ್ಪರದ ಪಕ್ಕದ ನನ್ನ ಒಂದು ಖೋಲಿ. ಕರೆಯಲು ಹೋದಾಗ ಹತ್ತು ಜನರ ಎದುರು ಅವನು, "ಎಣ್ಣಿ ಕೈಯಾವನ ಖೋಲ್ಯಾಗ ನನ್ನ ಹೆಂತಿ ಹಡೀಬೇಕೇನು?" ಅಂದಿದ್ದ. ಆವತ್ತಿನಿಂದ ಮಾತು ಬಿಟ್ಟಿದ್ದೆ.

ಆ ಮನುಷ್ಯ ಈಗ ನನ್ನ ಚಪ್ಪರದ ಕಂಬ ಹಿಡಿದು ನಿಂತಿದ್ದ. ಮುಖದಲ್ಲಿ ನೀರಿರಲಿಲ್ಲ.

"ಮಲ್ಲ್ಯಾ, ನಿಮ್ಮಕ್ಕ ನಿನ್ನಿ ರಾತ್ರಿಯಿಂದ ಬ್ಯಾನಿ ತಿನ್ನಾಕತ್ತಾಳ. ಕೂಸು ತಿರುಗಿಲ್ಲಂತ. ಸೂಲಗಿತ್ತಿ ಕೈ ಚೆಲ್ಯಾಳ. ಕಲಬುರ್ಗಿ ದವಾಖಾನಿಗೆ ಒಯ್ಯಲಿಲ್ಲಂದ್ರ ಇಬ್ಬರೂ ಉಳಿಯಂಗಿಲ್ಲ."

"ಆಗ ಎಣ್ಣಿ ಕೈ ಬ್ಯಾಡಾಗಿತ್ತಲ್ರಿ."

"ಬೈಯೋದಿದ್ರ ಆಮ್ಯಾಲ ಬೈ. ಗಾಡಿ ತೆಗಿ."

ಇದ್ದದ್ದು ಅದೊಂದೇ ಗಾಡಿ. ತೆಗೆದೆ.

ಚಿತ್ತಾಪುರ ದಾಟುವ ಹೊತ್ತಿಗೆ ಕತ್ತಲೆ ಗಟ್ಟಿಯಾಗಿತ್ತು. ಮಾವ ನನ್ನ ಪಕ್ಕದಲ್ಲಿ, ಕಂದೀಲು ತೊಡೆಯ ನಡುವೆ ಹಿಡಿದು. ಹಿಂದೆ ಯಾರೂ ಇಲ್ಲ. ಕಿರ್ರ್... ಟಕ್. ಕಿರ್ರ್... ಟಕ್.

ಪಾಟಾ ತಗ್ಗಿಗೆ ಬಿದ್ದಾಗ ಸದ್ದು ಮಾಡಬೇಕು. ಇದು ತಗ್ಗಿನಲ್ಲಿ ಸುಮ್ಮನಿರುತ್ತಿತ್ತು. ರಸ್ತೆ ಸಮನಾದ ಕೂಡಲೇ ಶುರು. ನಾನು ಬೇಕಂತಲೇ ಒಂದು ತಗ್ಗಿಗೆ ಇಳಿಸಿದೆ. ಗಾಡಿ ದಡಕ್ಕೆಂದಿತು, ಪಾಟಾ ಬಾಯಿ ಬಿಡಲಿಲ್ಲ. ಮುಂದೆ ಸಮ ರಸ್ತೆ ಬಂತು... ಕಿರ್ರ್.

"ಅದೇನದು ಹಿಂದ?" ಮಾವ ದನಿ ತಗ್ಗಿಸಿ ಕೇಳಿದ.

"ಪಾಟಾ."

"ನೀ ರಿಪೇರಿ ಮಾಡಿದ್ದೇನು?"

ನಾನು ಸಿಟ್ಟಿನಿಂದ ಗೇರು ಬದಲಿಸಿದೆ.

ಕಾಗಿಣಾ ಹೊಳೆಯಲ್ಲಿ ನೀರು ಪಾದ ಮುಳುಗುವಷ್ಟಿತ್ತು. ದಾಟಿ ದಡ ಏರುವಾಗ ಗಾಡಿ ಹಿಂದಕ್ಕೆ ಜಗ್ಗತೊಡಗಿತು. ರಬ್ಬರು ಸುಟ್ಟ ವಾಸನೆ. ಎಡಗಡೆಯ ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ನಿಲ್ಲಿಸಿ ಇಳಿದು ಬೆರಳು ಹಾಕಿದೆ. ಒಂದು ಬೆರಳೂ ಹೋಗಲಿಲ್ಲ.

"ಕಂದೀಲು ಬಲಕ್ಕ ಹಿಡೀರಿ. ಒಳಗ ಹೋಗಿ ನೋಡ್ತೀನಿ."

ಜಾಕಿ ಹಚ್ಚುವಷ್ಟು ಸಮಾಧಾನ ಇರಲಿಲ್ಲ. ಹಿಂದಿನಿಂದ ತೆವಳಿ ಅಚ್ಚಿನ ಬುಡಕ್ಕೆ ಹೋದೆ. ಪಾಟಾ ಗಟ್ಟಿಯಿತ್ತು, ಬೋಲ್ಟು ಬಿಗಿಯಿತ್ತು, ಒಂದು ಪಟ್ಟಿಯೂ ಸೀಳಿರಲಿಲ್ಲ. ಬರೀ ಒಜ್ಜೆಗೆ, ಮೇಲಿನ ಭಾರಕ್ಕೆ, ಬಗ್ಗಿತ್ತು. ಎಂಜಿನ್ ಆರಿದ್ದರಿಂದ ಹೊಳೆಯ ನೀರಿನ ಸದ್ದೊಂದೇ ಕೇಳುತ್ತಿತ್ತು.

ಆಗ ನನ್ನ ಮುಖದ ಮೇಲೆಯೇ ಪಾಟಾ ಕಿರ್ರ್ ಅಂದು ಇನ್ನಷ್ಟು ಕೆಳಗೆ ಬಂತು. ಗಾಡಿಯ ತಳದ ಕಬ್ಬಿಣ ನನ್ನ ಎದೆಗೆ ತಾಗಿತು.

"ಮಾವ, ಹತ್ತಬ್ಯಾಡ್ರಿ. ನಾ ಕೆಳಗಿದ್ದೀನಿ."

"ಎಲ್ಲಿ ಹತ್ತೀನಲೇ? ಇಲ್ಲೇ ನಿಂತೀನಿ."

ತಲೆ ಹೊರಳಿಸಿ ನೋಡಿದೆ. ಬಲಕ್ಕೆ ಕಂದೀಲಿನ ಬೆಳಕಿನಲ್ಲಿ ಅವನ ಎರಡೂ ಪಾದ ಕಾಣುತ್ತಿದ್ದವು. ನೆಲದ ಮೇಲೆ... ಅಲುಗದೆ.

ಮೇಲಿನದು ಮತ್ತೆ ಒತ್ತಿತು. ಮೆಲ್ಲಗೆ. ಗಾಡಿಯ ಒಜ್ಜೆ ಹಾಗೆ ಒತ್ತುವುದಿಲ್ಲ. ಅದಕ್ಕೆ ಗೊತ್ತಿತ್ತು ಕೆಳಗೆ ನಾನಿದ್ದೇನೆಂದು. ನನ್ನ ಉಸಿರು ಕಟ್ಟಿತು, ಕೂಗಲು ಬಾಯಿ ಬರಲಿಲ್ಲ. ಕಾಲಿನಿಂದ ನೆಲ ಒದ್ದೆ. ಮಾವ ಕಂದೀಲು ಕೆಳಗಿಟ್ಟು, ನನ್ನ ಎರಡೂ ಕಾಲು ಹಿಡಿದು ಹೊರಗೆ ಎಳೆದ. ಅಂಗಿ ಹರಿಯಿತು, ಬೆನ್ನು ತರಚಿತು. ಆ ಉಪಕಾರವನ್ನು ನಾನು ಇಲ್ಲ ಅನ್ನುವುದಿಲ್ಲ.

ಇಬ್ಬರೂ ಹಿಂದಿನ ಬಾಗಿಲು ತೆಗೆದು ಕಂದೀಲು ಎತ್ತಿದೆವು. ಸೀಟು ಖಾಲಿ. ಎಡಗಡೆಯ ಗಾದಿ ಮಾತ್ರ ತಗ್ಗಿತ್ತು, ಒಬ್ಬರು ಕೂತರೆ ತಗ್ಗುವಷ್ಟು. ಹಸಿ ಮಣ್ಣು, ಬಾಡಿದ ಬಿಲ್ವಪತ್ರೆ, ವಿಭೂತಿ... ಮೂರರ ವಾಸನೆಯೂ ಮೂಗಿಗೆ ಅಡರಿತು.

ಮಾವ ಚಾಪೆ ಸರಿಸಿದ. ಕಲ್ಲು ಕಂಡ. ಅದರ ಅಂಚಿಗೆ ಕೈಹಾಕಿ ಹೊರಳಿಸಿದ. ಅಡಿಯ ಮಗ್ಗಲಿಗೆ ಒಂದು ಲಿಂಗ ಕೊರೆದಿತ್ತು, ಅದರ ಮೇಲೆ ವಿಭೂತಿಯ ಮೂರು ಗೆರೆ. ನಾನು ಇಳಿಸಿದಾಗಲೂ ಏರಿಸಿದಾಗಲೂ ಆ ಮಗ್ಗಲು ನೋಡಿರಲಿಲ್ಲ.

"ಇದು ಗೋರಿ ಮ್ಯಾಲಿನ ಕಲ್ಲು, ಮಲ್ಲ್ಯಾ." ಅವನು ಕೈ ಹಿಂದಕ್ಕೆ ಎಳೆದುಕೊಂಡ. "ನಮ್ಮ ಮಂದಿನ್ನ ಕುಂದರಿಸಿ ಮಣ್ಣ ಮಾಡ್ತಾರ. ತೆಲಿ ಮ್ಯಾಲ ಈ ಕಲ್ಲು ಮುಚ್ತಾರ. ಯಾವ ಹರಾಮಖೋರ ಕಿತ್ತು ತಂದಾನ ಇದನ್ನ?"

ನನಗೇನು ಗೊತ್ತು? ಗಣಿ ಅಗೆಯುವಾಗ ಬಂತೋ, ಯಾರದೋ ಹೊಲದ ಮೂಲೆಯಿಂದ ಎತ್ತಿದರೋ. ಹೊಳೆಗೆ ಒಗೆಯೋಣ ಅಂದೆ. ಮಾವ ನನ್ನ ಕೊರಳಪಟ್ಟಿ ಹಿಡಿದ.

"ಒಗೀತೀಯಾ? ಆಕಡಿ ನಿಮ್ಮಕ್ಕ ಸಾಯಾಕತ್ತಾಳ. ಕೈ ಮುಗಿದು ಇಡೂಣು."

ದಡದ ಮೇಲೆ ಬನ್ನಿ ಗಿಡದ ಬುಡಕ್ಕೆ ಕಲ್ಲನ್ನು ಹೊತ್ತು ಒಯ್ದು ಇಟ್ಟೆವು. ಮಾವ ತನ್ನ ಸಂಚಿಯ ವಿಭೂತಿ ಹಚ್ಚಿ, ತಪ್ಪಾತು ಅಂತ ಅಡ್ಡಬಿದ್ದ. ನಾನೂ ಬಿದ್ದೆ. ತಿರುಗಿ ಗಾಡಿ ಹತ್ತಿದಾಗ ಜಗ್ಗಾಟ ಇರಲಿಲ್ಲ. ಸದ್ದೂ ಇರಲಿಲ್ಲ. ಹೋಯಿತು ಅಂದುಕೊಂಡೆವು. ಬೆರಳು ಹಾಕಿ ನೋಡುವಷ್ಟು ಪುರಸೊತ್ತು ಯಾರಿಗಿತ್ತು?

ಹಳ್ಳಿ ಮುಟ್ಟಿದಾಗ ಅಕ್ಕನಿಗೆ ಅರೆಪ್ರಜ್ಞೆ. ಕೌದಿಯಲ್ಲಿ ಎತ್ತಿ ತಂದು ಹಿಂದಿನ ಸೀಟಿನ ಮೇಲೆ ಮಲಗಿಸಹೋದೆವು. ಒಳಗೆ ತಲೆಯಿಟ್ಟವಳು ತಡೆದಳು. ಕಣ್ಣು ಬಿಟ್ಟು ಎಡಮೂಲೆ ನೋಡಿದಳು.

"ತಮ್ಮಾ... ಈ ಆಯಿ ಯಾರೋ? ಒಂದೀಟು ಸರೀಲಾಕ ಹೇಳು. ನಂಗ ಜಾಗ ಇಲ್ಲ."

ಅಲ್ಲಿ ಯಾವ ಮುದುಕಿಯೂ ಇರಲಿಲ್ಲ. ನಾನು ಮಾವನ ಮುಖ ನೋಡಿದೆ. ಅವನು ನನ್ನದು. ಬೇರೆ ಗಾಡಿ ಇರಲಿಲ್ಲ. ಎತ್ತಿನ ಬಂಡಿಯಲ್ಲಿ ಹೋದರೆ ಕಲಬುರ್ಗಿ ಮುಟ್ಟುವುದು ಮರುದಿನ ಮಧ್ಯಾಹ್ನ, ಅಷ್ಟು ಹೊತ್ತು ಅಕ್ಕನಿಗೆ ಇರಲಿಲ್ಲ.

"ನಡಿ," ಅಂದ ಮಾವ. ಎಡಮೂಲೆಗೆ ತಾನೇ ಹೋಗಿ ಕೂತು, ಅಕ್ಕನ ತಲೆ ತೊಡೆಯ ಮೇಲಿಟ್ಟುಕೊಂಡ. ಅವನ ಹಲ್ಲು ಕಟಕಟ ಅನ್ನುವುದು ನನಗೆ ಮುಂದಿನ ಸೀಟಿಗೂ ಕೇಳುತ್ತಿತ್ತು.

ದಾರಿಯುದ್ದಕ್ಕೂ ಪಾಟಾ ಒಂದು ಸಲವೂ ಕಿರ್ ಅನ್ನಲಿಲ್ಲ. ಅಕ್ಕನ ದನಿ ಮಾತ್ರ. ಅದು ನನಗೆ ಹೇಳಿದ್ದಲ್ಲ, ಮಾವನಿಗೆ ಹೇಳಿದ್ದೂ ಅಲ್ಲ.

"ಬ್ಯಾಡ... ಕೈ ತಗೀ... ನನ್ನ ಹೊಟ್ಟಿ ಮ್ಯಾಲಿಂದ ಕೈ ತಗೀ ಆಯಿ..."

ಬೆಳಗಾಗುವ ಮೊದಲು ದವಾಖಾನೆ ಮುಟ್ಟಿದೆವು. ಹೆಣ್ಣು ಕೂಸು. ಅಕ್ಕನೂ ಉಳಿದಳು. ಮಾವ ದವಾಖಾನೆಯ ಮೆಟ್ಟಿಲ ಮೇಲೆ ಕೂತು ಸಣ್ಣ ಹುಡುಗನ ಹಾಗೆ ಅತ್ತ. ನಾನೂ ಅತ್ತೆ. ಆಮೇಲೆ ಹೋಗಿ ಕಾರಿಗೆ ಬೆರಳು ಹಾಕಿದೆ. ಬಲಕ್ಕೆ ನಾಲ್ಕು, ಎಡಕ್ಕೆ ನಾಲ್ಕು. ಕುಣಿದಾಡುವಷ್ಟು ಖುಷಿಯಾಯಿತು. ಓಡಿ ಬಂದು ಅಕ್ಕನಿಗೆ ಹೇಳಿದೆ.

"ಎರಡೂ ಕಡಿ ನಾಕ್ ಬೆರಳು, ಅಕ್ಕಾ. ಇಳದು ಹೋತು."

ಅಕ್ಕ ಕೂಸಿನ ಮೇಲಿಂದ ಕಣ್ಣು ತೆಗೆಯಲಿಲ್ಲ. "ಎಲ್ಲಿ ಇಳೀತು?" ಅಂದಳು.

ಆಗ ನನಗೆ ಅದು ಅರ್ಥವಾಗಲಿಲ್ಲ.

ಸಾಹುಕಾರರಿಗೆ ಕಾರು ಮುಟ್ಟಿಸಿದೆ. ಸದ್ದು ಹೋಗಿದೆ ಅಂತ ಅವರು ನನ್ನನ್ನು ಹೊಗಳಿದರು. ಕಲ್ಲಿನ ವಿಷಯ ಎತ್ತಿದ್ದಕ್ಕೆ ಯಾವ ಕಲ್ಲು ಅಂದರು. ಆ ಡ್ರೈವರು ಕೆಲಸ ಬಿಟ್ಟು ಹೋಗಿದ್ದ. ಮುಂದೆ ಬನ್ನಿ ಗಿಡದ ಹತ್ತಿರ ಹೋಗಿ ನೋಡಿದೆ. ಕಲ್ಲು ಇಟ್ಟಲ್ಲೇ ಇತ್ತು. ಮಾವನಿಗೆ ಹೇಳಿದರೆ ಅವನು ಸಿಡುಕಿದ. "ಕಲ್ಲು ಇಳಿಸೀವಿ ಮಲ್ಲ್ಯಾ. ಕಲ್ಲಿನ ಬುಡಕ ಕುಂತಾಕಿನ್ನ ಇಳಿಸೀವೇನು?"

ಕೂಸು ಅಂಗಳದಲ್ಲಿ ಓಡಾಡುವಷ್ಟು ಆದ ಮೇಲೆ ಅಕ್ಕ ಅವಳನ್ನು ಕರೆದುಕೊಂಡು ವಾಡಿಗೆ ಬಂದಿದ್ದಳು. ಚಪ್ಪರದಲ್ಲಿ ರಿಪೇರಿಗೆ ಬಂದ ಒಂದು ಜೀಪು ನಿಂತಿತ್ತು. ಹುಡುಗಿ ಹಟ ಮಾಡಿದಳು ಅಂತ ಎತ್ತಿ ಹಿಂದೆ ಕೂರಿಸಿದೆ. ಅವಳು ಬಲ ಅಂಚಿಗೆ ಸರಿದು, ಎಡಗಡೆ ಜಾಗ ಬಿಟ್ಟು ಕೂತಳು.

ಕಿರ್ರ್... ಟಕ್.

ನನ್ನ ಕೈ ತಾನೇ ಎಡಗಡೆಯ ಟೈರಿನ ಮೇಲೆ ಹೋಯಿತು. ಕೂಸಿನ ಭಾರಕ್ಕೆ ಜೀಪಿನ ಪಾಟಾ ಅಲುಗಲೂಬಾರದು. ಒಂದು ಬೆರಳು ಹೋಗಿ ಸಿಕ್ಕಿಕೊಂಡಿತು.

ಖೋಲಿಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ.

"ಎಷ್ಟ ಬೆರಳು, ತಮ್ಮಾ?"

"ನಾಕು," ಅಂದೆ.

ಅಕ್ಕ ಬಂದು ಮಗಳನ್ನು ಎತ್ತಿಕೊಂಡಳು. ನನ್ನ ಬೆರಳಿನ ಮೇಲಿಂದ ಜೀಪು ಎದ್ದಿತು, ನಾಲ್ಕು ಬೆರಳು ಆರಾಮಾಗಿ ಹೋಗುವಷ್ಟು. ಮಗಳನ್ನು ಬಲ ಸೊಂಟದ ಮೇಲೆ ಕೂರಿಸಿಕೊಂಡು ಅಕ್ಕ ಸ್ಟೇಷನ್ನಿನ ಕಡೆ ನಡೆದಳು. ನಾನು ನೋಡುತ್ತ ನಿಂತೆ.

ಕೂಸು ಇದ್ದದ್ದು ಬಲಗಡೆ. ಧೂಳಿನಲ್ಲಿ ಆಳಕ್ಕೆ ಇಳಿಯುತ್ತಿದ್ದದ್ದು ಅಕ್ಕನ ಎಡಗಾಲಿನ ಹೆಜ್ಜೆ.